ದೊಡ್ಡವನ ಮನೆಗೋ, ಸಣ್ಣವನ ಮನೆಗೋ?

ನಮ್ಮ ಮನೆಯ ಕಂಪ್ಯೂಟರಿಗೆ ಎರಡು ಸಂಸಾರ. ಒಂದು ವಿಂಡೋಸಿನದು, ಇನ್ನೊಂದು ಲಿನಕ್ಸಿನದು. ಕೇಳಿದವರು ಮೊದಲು ಹುಬ್ಬೇರಿಸುತ್ತಾರೆ, ಆಮೇಲೆ ದನಿ ತಗ್ಗಿಸಿ "ಹೇಗೆ ನಿಭಾಯಿಸ್ತೀರಿ?" ಎನ್ನುತ್ತಾರೆ. ನಿಭಾಯಿಸುವುದು ನಾನಲ್ಲ. ಅದಕ್ಕೆಂದೇ ಬೂಟ್ ಲೋಡರ್ ಎಂಬ ಪುಟ್ಟ ತಂತ್ರಾಂಶ ಇದೆ. ಗುಂಡಿ ಒತ್ತಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು, ಕಪ್ಪು ಪರದೆಯ ಮೇಲೆ ನಾಲ್ಕಾರು ಬಿಳಿ ಸಾಲು ಬರೆದು, ಇವತ್ತು ಯಾವುದು ಎಂದು ಕೇಳಿ, ಉತ್ತರ ಸಿಕ್ಕಿದ್ದೇ ತಡ ಯಾರ ಕಣ್ಣಿಗೂ ಬೀಳದಂತೆ ಸರಿದುಹೋಗುವುದು ಅದರ ಉದ್ಯೋಗ. ದಿನಕ್ಕೆ ಹತ್ತು ಸೆಕೆಂಡಿನ ಕೆಲಸ. ಸರ್ಕಾರಿ ನೌಕರಿಯಲ್ಲೂ ಇಷ್ಟು ಆರಾಮ ಇಲ್ಲ ಎಂದು ನಮ್ಮ ಭಾವನ ಅಭಿಪ್ರಾಯ.

ಎರಡು ಯಾಕೆ ಎಂದರೆ ಅದಕ್ಕೆ ಭಾವನೇ ಅರ್ಧ ಕಾರಣ. ಅವರಿಗೆ ಅಡಿಕೆ ವ್ಯಾಪಾರ. ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಟ್ಯಾಲಿ ಕಂಪನಿಯ ನೆಲೆ ನಮ್ಮ ಬೆಂಗಳೂರೇ ಆದರೂ ಆ ತಂತ್ರಾಂಶ ವಾಸಕ್ಕೆ ಆರಿಸಿಕೊಂಡದ್ದು ವಿಂಡೋಸನ್ನು. ಇನ್ನರ್ಧ ಕಾರಣ ನನ್ನ ಹಳೆಯ ಬರಹಗಳು. ಅವು ಯೂನಿಕೋಡ್ ರೂಢಿಗೆ ಬರುವ ಮುಂಚಿನ ನುಡಿ ಫಾಂಟಿನವು. ಆ ಫಾಂಟು ಇಲ್ಲದ ಕಡೆ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಅಲ್ಪವಿರಾಮಗಳ ಚಿತ್ರಾನ್ನ. ಅದಕ್ಕೇ ಹಳತಿಗೆ ವಿಂಡೋಸು. ಹೊಸದನ್ನು ಬರೆಯುವುದು ಲಿನಕ್ಸಿನಲ್ಲಿ. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಎರಡೂ ಕಡೆ ಸಿಗುವುದರಿಂದ ಬೆರಳುಗಳಿಗಂತೂ ತಾವು ಯಾರ ಮನೆಯಲ್ಲಿದ್ದೇವೆ ಎಂಬ ಪರಿವೆಯೇ ಇಲ್ಲ. ಮಗಳು ಇಂಜಿನಿಯರಿಂಗ್ ಓದುವವಳು. "ಅಪ್ಪಾ, ಆ ವಿಂಡೋಸ್ ಇನ್ನೂ ಯಾಕೆ ಇಟ್ಕೊಂಡಿದೀಯಾ?" ಎಂದು ಅವಳು. "ಆ ಲಿನಕ್ಸು ಯಾತಕ್ಕೆ ಮಾರಾಯ, ಜಾಗ ದಂಡ" ಎಂದು ಭಾವ. ಇಬ್ಬರ ಮಾತನ್ನೂ ಕೇಳಿದರೆ ಕಂಪ್ಯೂಟರಿನಲ್ಲಿ ಏನೂ ಉಳಿಯುವುದಿಲ್ಲ.

ಲಿನಕ್ಸು ನಮ್ಮಂಥವರ ಮನೆಗೆ ಬಂದದ್ದೇ ಒಂದು ಚೆಂದ. 2005ರಿಂದ 2011ರವರೆಗೆ ಉಬುಂಟು ಎಂಬ ಬಗೆಯ ಲಿನಕ್ಸಿನವರು ಕೇಳಿದವರಿಗೆಲ್ಲ ಸೀಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ವಿದೇಶದ ಲಕೋಟೆ ಬಂತೆಂದರೆ ಆಗ ಬೀದಿಯಲ್ಲಿ ಒಂದು ತೂಕ. ಅದರೊಳಗೆ ಕೆಲಸದ ಪತ್ರ ಇದೆಯೆಂದು ಪಕ್ಕದವರು, ಮದುವೆ ಸಂಬಂಧ ಇದೆಯೆಂದು ಎದುರಿನವರು. ಇದ್ದದ್ದು ಒಂದು ಆಪರೇಟಿಂಗ್ ಸಿಸ್ಟಮ್.

ಬಂದದ್ದಕ್ಕೆ ಜಾಗ ಬೇಕಲ್ಲ. ನಮ್ಮ ಮಲೆನಾಡಿನಲ್ಲಿ ಮನೆ ಪಾಲಾಗುವುದನ್ನು ಕಂಡವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ಅಣ್ಣತಮ್ಮಂದಿರು ಬೇರೆಯಾದರೆ ನಡುಮನೆಗೆ ಗೋಡೆ ಏಳುತ್ತದೆ, ಒಲೆ ಎರಡಾಗುತ್ತದೆ, ಬಚ್ಚಲು ಎರಡಾಗುತ್ತದೆ, ಹಲಸಿನ ಮರದ ಕೊಂಬೆಗಳೂ ಲೆಕ್ಕಕ್ಕೆ ಬರುತ್ತವೆ. ಜಗಲಿ ಮಾತ್ರ ಒಟ್ಟಿಗೆ ಇರುತ್ತದೆ. ಅಲ್ಲಿ ಕವಳದ ಹರಿವಾಣ ಇಟ್ಟುಕೊಂಡು ಅಜ್ಜ ಕೂತಿರುತ್ತಾರೆ. ಬಂದವರನ್ನು ನೋಡಿ ಅವರು ಕೇಳುವುದು ಒಂದೇ ಪ್ರಶ್ನೆ: "ದೊಡ್ಡವನ ಮನೆಗೋ, ಸಣ್ಣವನ ಮನೆಗೋ?" ಉತ್ತರ ಸಿಕ್ಕರೆ ಕೈ ತೋರಿಸಿ ಮತ್ತೆ ಅಡಿಕೆ ಹೋಳು ಮಾಡಲು ಕೂರುತ್ತಾರೆ. ಒಳಗೆ ಏನು ನಡೆಯುತ್ತದೆ ಎಂಬುದು ಅವರ ಇಲಾಖೆಯಲ್ಲ. ಬೂಟ್ ಲೋಡರ್ ಎಂದರೆ ಆ ಅಜ್ಜ.

ಹಾರ್ಡ್ ಡಿಸ್ಕಿನ ಪಾಲುಪಟ್ಟಿಗೆ 1983ರ ಡಾಸ್ ಕಾಲದ ಹಳೆಯ ಕಾಯಿದೆಯೊಂದಿತ್ತು. ಡಿಸ್ಕಿನ ತೀರಾ ಮೊದಲಿನ ಸೆಕ್ಟರಿನಲ್ಲಿ, 512 ಬೈಟುಗಳ ಒಂದು ಕಿಷ್ಕಿಂಧೆಯಲ್ಲಿ, ಎಲ್ಲ ದಾಖಲೆಯೂ ಇರಬೇಕು. ಅದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ಭಾರೀ ಹೆಸರು. ಅದರಲ್ಲಿ 64 ಬೈಟು ಪಾಲುಪಟ್ಟಿಗೆ, ಪಾಲೊಂದಕ್ಕೆ 16ರಂತೆ. ಹಾಗಾಗಿ ಪಾಲು ನಾಲ್ಕೇ. ಹೆಚ್ಚು ಬೇಕಾದರೆ ನಾಲ್ಕರಲ್ಲಿ ಒಂದನ್ನು ಒಡೆದು ಅದರೊಳಗೆ ಮತ್ತೆ ಪಾಲು ಮಾಡಬೇಕು. ಆ ಒಳಪಾಲುಗಳಿಗೆ ಲಿನಕ್ಸು ಐದರಿಂದಲೇ ಸಂಖ್ಯೆ ಕೊಡುತ್ತದೆ; ಮೂರು ಮತ್ತು ನಾಲ್ಕನೆಯವರು ಹುಟ್ಟೇ ಇಲ್ಲದಿದ್ದರೂ ಐದನೆಯವನು ಐದನೆಯವನೇ. ಪಾಲಿಗೆ ಬಂದದ್ದು ಪಂಚಾಮೃತ ಎನ್ನುವುದು ಇದಕ್ಕೇ ಇರಬೇಕು. ಕೊನೆಯ ಎರಡು ಬೈಟು ಸಹಿಗೆ. ಆ ಸಹಿ ಇಲ್ಲದಿದ್ದರೆ ಬಯಾಸ್ ಎಂಬ ಯಂತ್ರದ ಮೂಲ ತಂತ್ರಾಂಶ ದಸ್ತಾವೇಜನ್ನೇ ಒಪ್ಪುವುದಿಲ್ಲ.

ಇಷ್ಟೆಲ್ಲ ಕಳೆದು ಅಜ್ಜನಿಗೆ ಕೂರಲು ಉಳಿಯುವುದು 446 ಬೈಟು. ಇದು ಎಷ್ಟು ಇಕ್ಕಟ್ಟು ಎಂದು ಕನ್ನಡಿಗರಿಗೆ ಹೇಳಬೇಕಾದರೆ ಹೀಗೆ ಹೇಳಬಹುದು. ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಅಕ್ಷರ ಬೇರೆ, ಗುಣಿತ ಬೇರೆ, ಒತ್ತಿಗೆ ಹಲಂತ ಬೇರೆ. ಸುಬ್ರಹ್ಮಣ್ಯ ಎಂಬ ಹೆಸರು ನೋಡಲು ನಾಲ್ಕಕ್ಷರ, ಒಳಗೆ ಹನ್ನೊಂದು ಚಿಹ್ನೆ, ಒಟ್ಟು 33 ಬೈಟು. ಹದಿಮೂರು ಸುಬ್ರಹ್ಮಣ್ಯರು ಬಂದು ಕೂತರೆ ಜಾಗ ಮುಗಿಯಿತು, ಹದಿನಾಲ್ಕನೆಯವರು ಅಂಗಳದಲ್ಲಿ ನಿಲ್ಲಬೇಕು. ಅಷ್ಟರೊಳಗೆ ಡಿಸ್ಕು ಹುಡುಕಿ, ಮೆನು ತೋರಿಸಿ, ಕೇಳಿದ್ದನ್ನು ಎಬ್ಬಿಸುವ ಕ್ರಮವಿಧಿ ಬರೆಯಿರಿ ಎಂದರೆ ಬರೆಯುವವರ ಗತಿ ಏನು? ಅವರು ಮಾಡಿದ ಉಪಾಯ ಸರಳ. 446ರಲ್ಲಿ ಇಡುವುದು ಒಂದು ಚೀಟಿ ಮಾತ್ರ: ಉಳಿದದ್ದು ಇಂಥ ಕಡೆ ಇದೆ, ಅಲ್ಲಿಂದ ತೆಗೆದುಕೊಂಡು ಮುಂದುವರಿಯುವುದು. ಆ ಇಂಥ ಕಡೆ ಎಂದರೆ ಮೊದಲ ಸೆಕ್ಟರಿಗೂ ಮೊದಲ ಪಾಲಿಗೂ ನಡುವೆ ಯಾರಿಗೂ ಸೇರದೆ ಖಾಲಿ ಬಿದ್ದಿರುವ ಜಾಗ. ಬೇಲಿಗೂ ರಸ್ತೆಗೂ ನಡುವಿನ ಜಾಗ ಕಂಡರೆ ಬಿಡದವರು ನಮ್ಮ ಊರಿನಲ್ಲಿ ಮಾತ್ರ ಇದ್ದಾರೆ ಎಂದು ತಿಳಿದಿದ್ದೆ.

ಲಿನಕ್ಸಿನ ಮೊದಲ ದಿನಗಳ ಅಜ್ಜನ ಹೆಸರು ಲಿಲೋ. ವೆರ್ನರ್ ಆಲ್ಮೆಸ್‌ಬರ್ಗರ್ ಬರೆದದ್ದು. ಇಂಗ್ಲಿಷಿನಲ್ಲಿ ನಾಲ್ಕಕ್ಷರದ ಈ ಹೆಸರನ್ನು ಅದು ಒಂದೇ ಉಸಿರಿಗೆ ಹೇಳುತ್ತಿರಲಿಲ್ಲ. ಒಂದೊಂದು ಹಂತ ದಾಟಿದಾಗ ಒಂದೊಂದೇ ಅಕ್ಷರ ಪರದೆಗೆ ಬರುತ್ತಿತ್ತು: ಎಲ್, ಐ, ಎಲ್, ಓ. ನಾಲ್ಕೂ ಬಂದರೆ ಗೆದ್ದಂತೆ. ಎಲ್ ಎಂದು ನಿಂತು ಸಂಖ್ಯೆಗಳನ್ನು ಕಕ್ಕತೊಡಗಿದರೆ ಮೊದಲ ಭಾಗಕ್ಕೆ ಎರಡನೆಯ ಭಾಗ ಸಿಕ್ಕಿಲ್ಲ. ಎಲ್ ಐ ಎಂದು ನಿಂತರೆ ಎರಡನೆಯ ಭಾಗ ಸಿಕ್ಕಿದೆ, ಏಳುತ್ತಿಲ್ಲ. ಎಲ್ ಐ ಎಲ್ ಎಂದು ನಿಂತರೆ ಎದ್ದಿದೆ, ಆದರೆ ಯಾವುದು ಎಲ್ಲಿದೆ ಎಂಬ ಪಟ್ಟಿ ಓದಲಾಗುತ್ತಿಲ್ಲ. ಬಲ್ಲವರು ಫೋನಿನಲ್ಲೇ "ಎಷ್ಟು ಅಕ್ಷರ ಬಂತು?" ಎಂದು ಕೇಳಿ ರೋಗ ಹೇಳುತ್ತಿದ್ದರು. ಲಿಲೋಗೆ ಒಂದು ದೌರ್ಬಲ್ಯ: ಕಡತದ ಹೆಸರು ಗೊತ್ತಿಲ್ಲ, ಡಿಸ್ಕಿನ ಮೇಲೆ ಅದು ಕೂತ ಜಾಗ ಮಾತ್ರ ಗೊತ್ತು. ಲಿನಕ್ಸಿನ ತಿರುಳಾದ ಕರ್ನೆಲ್ ಹೊಸದು ಹಾಕಿ ಅದಕ್ಕೆ ತಿಳಿಸದೇ ಇದ್ದರೆ ಹಳೆಯ ಜಾಗಕ್ಕೇ ಹೋಗಿ ತಡಕಾಡುತ್ತಿತ್ತು. 2015ರ ಕೊನೆಗೆ ಅದರ ಅಭಿವೃದ್ಧಿ ನಿಂತಿತು.

ಈಗ ಜಗಲಿಯಲ್ಲಿ ಕೂತಿರುವುದು ಗ್ರಬ್. ಎರಿಕ್ ಬೋಲಿನ್ 1995ರಲ್ಲಿ ಇದನ್ನು ಶುರು ಮಾಡಿದ್ದು ಲಿನಕ್ಸಿಗಾಗಿಯೂ ಅಲ್ಲ, ವಿಂಡೋಸಿಗಾಗಿಯೂ ಅಲ್ಲ; ಗ್ನೂ ಯೋಜನೆಯ ಹರ್ಡ್ ಎಂಬ ವ್ಯವಸ್ಥೆಯನ್ನು ಎಬ್ಬಿಸಲಿಕ್ಕೆ. ಹರ್ಡಿನ ಕೆಲಸ 1990ರಲ್ಲಿ ಆರಂಭವಾಯಿತು, ಅದರ 1.0 ಆವೃತ್ತಿ ಇಂದಿಗೂ ಹೊರಬಿದ್ದಿಲ್ಲ. ಯಾರನ್ನು ಬರಮಾಡಿಕೊಳ್ಳಲು ಜಗಲಿಗೆ ಚಾಪೆ ಹಾಸಿದರೋ ಅವರು ಇನ್ನೂ ದಾರಿಯಲ್ಲಿದ್ದಾರೆ, ಉಳಿದವರೆಲ್ಲ ಬಂದು ಕೂತು ಕಾಫಿ ಕುಡಿದು ಹೋಗುತ್ತಿದ್ದಾರೆ. ಗ್ರಬ್‌ಗೆ ಕಡತವ್ಯವಸ್ಥೆಗಳನ್ನು ಓದಲು ಬರುತ್ತದೆ, ಹೆಸರು ಹಿಡಿದು ಹುಡುಕುತ್ತದೆ. ಎಣಿಕೆಯಲ್ಲಿ ಮಾತ್ರ ಅದರದ್ದೇ ಜಾಯಮಾನ: ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಪಾಲುಗಳನ್ನು ಒಂದರಿಂದ. ಹಳೆಯ ಗ್ರಬ್ ಎರಡನ್ನೂ ಸೊನ್ನೆಯಿಂದ ಎಣಿಸುತ್ತಿತ್ತು. ಸುಧಾರಣೆ ಎಂದರೆ ಅರ್ಧ ಮಾತ್ರ ಬದಲಾಯಿಸುವುದು ಎಂಬ ತತ್ವ ಅಲ್ಲೂ ಇದೆ.

ಪಕ್ಷಪಾತದ ವಿಷಯಕ್ಕೆ ಬರೋಣ, ಜಗಳವೆಲ್ಲ ಇರುವುದು ಅಲ್ಲೇ. ಹಳೆಯ ವಿಂಡೋಸಿಗೆ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬ ಕಲ್ಪನೆಯೇ ಇರಲಿಲ್ಲ. ಅದನ್ನು ಹಾಕುವಾಗ ಮೊದಲ ಸೆಕ್ಟರಿನಲ್ಲಿ ಯಾರು ಕೂತಿದ್ದಾರೆ ಎಂದು ನೋಡದೆ ತನ್ನವರನ್ನು ತಂದು ಕೂರಿಸುತ್ತಿತ್ತು. ಅದಕ್ಕೇ ಮೊದಲು ವಿಂಡೋಸು, ಆಮೇಲೆ ಲಿನಕ್ಸು ಎಂಬ ನಿಯಮ ಹುಟ್ಟಿದ್ದು. ಲಿನಕ್ಸು ಹಾಗಲ್ಲ, ಕೇಳುತ್ತದೆ. ಆದರೆ ಕೇಳುವ ಕ್ರಮ ನೋಡಿ. ಮೆನುವಿನಲ್ಲಿ ಮೊದಲ ಹೆಸರು ತನ್ನದು. ಎರಡನೆಯದು ತನ್ನದೇ ಹಳೆಯ ಕರ್ನೆಲ್‌ಗಳದು. ಹಳೆಯ ಉಬುಂಟುವಿನಲ್ಲಿ ಆಮೇಲೆ ಬರುತ್ತಿದ್ದದ್ದು ಮೆಮೊರಿ ಪರೀಕ್ಷೆ, ಅದೂ ಎರಡು ಬಗೆಯದು. ಯಾರೂ ಮಾಡದ ಆ ಪರೀಕ್ಷೆಯ ಕೆಳಗೆ, ಪಂಕ್ತಿಯ ತುದಿಯಲ್ಲಿ, ವಿಂಡೋಸು. ಭಾವ ಇದನ್ನು ಗಮನಿಸದೇ ಇರುತ್ತಾರೆಯೇ? "ಊಟಕ್ಕೆ ಕರೆದು ಕೈ ತೊಳೆಯೋ ಜಾಗದಲ್ಲಿ ಎಲೆ ಹಾಕಿದ ಹಾಗಾಯ್ತು" ಎಂದರು.

ಆ ಹತ್ತು ಸೆಕೆಂಡು ಸೌಜನ್ಯದ ಗಡುವು. ಅಷ್ಟರೊಳಗೆ ಬಾಣದ ಕೀಲಿ ಒತ್ತದಿದ್ದರೆ ಮೊದಲ ಹೆಸರಿನವರ ಮನೆಗೆ ನಿಮ್ಮನ್ನು ಕಳಿಸಲಾಗುತ್ತದೆ. ಡೀಫಾಲ್ಟ್ ಎಂದರೆ ಇದೇ. ಲೋಕದಲ್ಲಿ ಬಹಳಷ್ಟು ಆಡಳಿತ ನಡೆಯುವುದು ಹೀಗೇ ಎಂದು ನನ್ನ ಗುಮಾನಿ. ಆಯ್ಕೆ ಎಲ್ಲರಿಗೂ ಉಂಟು, ಯಾರು ಸುಮ್ಮನಿದ್ದಾಗ ಏನಾಗಬೇಕು ಎಂಬುದನ್ನು ಬರೆದಿಟ್ಟವರದೇ ಮಾತು ನಡೆಯುವುದು. ನಮ್ಮಲ್ಲಿ ಅದನ್ನು ಬರೆದಿಟ್ಟವಳು ಮಗಳು. ಭಾವ ಗುಂಡಿ ಒತ್ತಿ, "ತಂಗೀ, ಒಂದು ಲೋಟ ಮಜ್ಜಿಗೆ" ಎಂದು ಅಡುಗೆಮನೆಯ ಕಡೆ ತಿರುಗಿ, ತಿರುಗಿದ ಮುಖ ವಾಪಸು ತರುವಷ್ಟರಲ್ಲಿ ಲಿನಕ್ಸು ಬಂದು ಪಾಸ್‌ವರ್ಡು ಕೇಳುತ್ತಿರುತ್ತದೆ. ಮತ್ತೆ ರೀಸ್ಟಾರ್ಟು. ಈ ಸಲ ಮಜ್ಜಿಗೆ ಬಂದಿರುತ್ತದೆ.

ಡೀಫಾಲ್ಟಿನ ಕಡತದಲ್ಲಿ ಸಂಖ್ಯೆ ಬರೆಯಬಹುದು, ಹೆಸರೂ ಬರೆಯಬಹುದು. ಸೊನ್ನೆ ಎಂದರೆ ಮೊದಲನೆಯದು, ನಾಲ್ಕು ಎಂದರೆ ಐದನೆಯದು. ಸಂಖ್ಯೆಯನ್ನು ನಂಬುವಂತಿಲ್ಲ, ಮೆನುವಿನಲ್ಲಿ ಒಂದು ಸಾಲು ಹೆಚ್ಚು ಕಡಿಮೆಯಾದರೆ ನಾಲ್ಕನೆಯವರ ಪತ್ರ ಐದನೆಯವರಿಗೆ. ಕೊನೆಯ ಸಲ ಆರಿಸಿದ್ದನ್ನೇ ನೆನಪಿಟ್ಟುಕೋ ಎಂದೂ ಹೇಳಬಹುದು. ಕೇಳಲು ಬಹಳ ನ್ಯಾಯ. ಆದರೆ ಹಾಗೆ ಮಾಡಿದಾಗಿನಿಂದ ಮನೆಯಲ್ಲಿ ಸಂಜೆ ಕಂಪ್ಯೂಟರು ಆರಿಸುವ ಮುಂಚೆ ಒಬ್ಬೊಬ್ಬರೂ ತಮ್ಮದನ್ನು ಒಮ್ಮೆ ಎಬ್ಬಿಸಿ ಮಲಗಿಸತೊಡಗಿದರು, ಬೆಳಿಗ್ಗೆ ಅದೇ ಬರಲಿ ಎಂದು. ಗಡುವಿಗೆ ಮೈನಸ್ ಒಂದು ಎಂದು ಬರೆದರೆ ಅಜ್ಜ ಯಾರಾದರೂ ಮಾತಾಡುವವರೆಗೆ ಕಾಯುತ್ತಲೇ ಇರುತ್ತಾರೆ. ಸೊನ್ನೆ ಎಂದರೆ ಕೇಳುವುದೇ ಇಲ್ಲ.

ನೆರೆಮನೆ ಇದೆಯೋ ಇಲ್ಲವೋ ನೋಡಿಕೊಂಡು ಬಂದು ಪಟ್ಟಿ ಮಾಡುವ ಸಹಾಯಕನೊಬ್ಬ ಗ್ರಬ್ ಜೊತೆಗಿದ್ದಾನೆ, ಓಎಸ್-ಪ್ರೋಬರ್ ಎಂದು. 2021ರ 2.06 ಆವೃತ್ತಿಯಿಂದ ಭದ್ರತೆಯ ಕಾರಣ ಹೇಳಿ ಅವನನ್ನು ಮನೆಯಲ್ಲೇ ಕೂರಿಸಿದರು. ವಿಂಡೋಸು ಡಿಸ್ಕಿನಲ್ಲಿ ಗಟ್ಟಿಮುಟ್ಟಾಗಿದ್ದರೂ ಎಷ್ಟೋ ಜನರ ಮೆನುವಿನಿಂದ ಮಾಯ. ಮತ್ತೆ ಕಳಿಸಬೇಕೆಂದರೆ ಕಡತದಲ್ಲಿ ಒಂದು ಸಾಲು ಬರೆಯಬೇಕು. ಅದರ ಒಕ್ಕಣೆ ಹೀಗಿದೆ: ಪ್ರೋಬರನ್ನು ತಡೆಯುವುದು, ಸುಳ್ಳು. ಹೋಗು ಎನ್ನುವುದಕ್ಕೆ ಹೋಗಬೇಡ ಎಂದಿಲ್ಲ ಎನ್ನುವ ಈ ಶೈಲಿ ಕಂದಾಯ ಇಲಾಖೆಯ ಟಿಪ್ಪಣಿ ಓದಿ ಪಳಗಿದ ನಮಗೆ ಹೊಸದೇನಲ್ಲ.

ಇನ್ನು ಗಡಿಯಾರ. ಯಂತ್ರದೊಳಗೆ ಗುಂಡಿಯಾಕಾರದ ಬ್ಯಾಟರಿಯ ಮೇಲೆ ಓಡುವ ಒಂದೇ ಗಡಿಯಾರ ಇರುತ್ತದೆ. ಅದರಲ್ಲಿರುವುದು ಊರಿನ ಸಮಯ ಎಂದು ವಿಂಡೋಸಿನ ನಂಬಿಕೆ. ಲೋಕದ ಸಾಮಾನ್ಯ ಸಮಯ, ಅಂದರೆ ಯುಟಿಸಿ ಎಂದು ಲಿನಕ್ಸಿನ ನಂಬಿಕೆ. ಲಂಡನ್ನಿನವರಿಗೆ ಚಳಿಗಾಲದಲ್ಲಿ ಇದರ ಬಿಸಿ ತಟ್ಟುವುದೇ ಇಲ್ಲ. ನಮಗೆ ಐದೂವರೆ ಗಂಟೆಯ ವ್ಯತ್ಯಾಸ. ರಾತ್ರಿಯೆಲ್ಲ ಲಿನಕ್ಸಿನಲ್ಲಿದ್ದು ಬೆಳಿಗ್ಗೆ ಐದಕ್ಕೆ ವಿಂಡೋಸು ಎಬ್ಬಿಸಿದರೆ, ಇಂಟರ್ನೆಟ್ಟಿನಿಂದ ತಿದ್ದಿಕೊಳ್ಳುವವರೆಗೆ ಅದು ಹಿಂದಿನ ರಾತ್ರಿಯ ಹನ್ನೊಂದೂವರೆ ಎನ್ನುತ್ತದೆ. ಒಮ್ಮೆ ಇದು ಏಪ್ರಿಲ್ ಒಂದರ ಬೆಳಗಿಗೆ ಬಂತು. ಪರದೆಯ ಮೂಲೆಯಲ್ಲಿ ಇನ್ನೂ ಮಾರ್ಚ್ 31. ಭಾವ ಕೈಮುಗಿಯುವುದೊಂದು ಬಾಕಿ. "ಹಣಕಾಸು ವರ್ಷ ಮುಗಿದಿಲ್ಲ ಅಂತಾಯ್ತಲ್ಲ, ಇನ್ನೂ ಅರ್ಧ ಗಂಟೆ ಇದೆ" ಎಂದು ಬಿಲ್ಲುಗಳ ಕಟ್ಟು ಬಿಚ್ಚಿದರು. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಊರಿನ ಸಮಯಕ್ಕೇ ಒಪ್ಪಿಸಿದ್ದೇನೆ. ಭಾವನಿಗೆ ಅದು ಸಮಾಧಾನ ತಂದಿಲ್ಲ.

ವಿಂಡೋಸು 8ರಿಂದ ಇನ್ನೊಂದು ರಗಳೆ ಸೇರಿಕೊಂಡಿತು. ಬೇಗ ಏಳಬೇಕೆಂದು ಅದು ಪೂರ್ತಿ ಮಲಗುವುದೇ ಇಲ್ಲ. ನೀವು ಷಟ್‌ಡೌನ್ ಎಂದಾಗ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಕಣ್ಣು ಮುಚ್ಚಿದಂತೆ ಮಾಡುತ್ತದೆ. ಆಗ ಲಿನಕ್ಸಿನಿಂದ ಆ ಪಾಲಿನ ಕಡತಗಳನ್ನು ನೋಡಬಹುದು, ತಿದ್ದಲು ಬಿಡುವುದಿಲ್ಲ. ಒಲೆ ಆರಿಸದೆ, ಚಿಲಕ ಹಾಕಿ ಪೇಟೆಗೆ ಹೋದ ಅಣ್ಣನ ಮನೆಗೆ ತಮ್ಮ ಕಿಟಕಿಯಲ್ಲಿ ಇಣುಕಿದಂತೆ. ಫಾಸ್ಟ್ ಸ್ಟಾರ್ಟಪ್ ಎಂಬ ಆ ಗುರುತನ್ನು ತೆಗೆದುಹಾಕಿದರೆ ಸರಿಹೋಗುತ್ತದೆ, ನಾಲ್ಕು ಸೆಕೆಂಡು ತಡವಾಗಿ ಎದ್ದರೆ ಯಾರ ಗಂಟೂ ಹೋಗುವುದಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ಇದಕ್ಕಿಂತ ದೊಡ್ಡ ಪ್ರಯೋಗ ಮಾಡಿದ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಲಿನಕ್ಸಿನ ಪಾಲು ಹೆಸರಿಲ್ಲದ ಖಾಲಿ ಡಬ್ಬಿಯಂತೆ ಕಾಣುತ್ತದೆ. ವೃಥಾ ಬಿದ್ದಿದೆಯಲ್ಲ ಎಂದು ಅಳಿಸಿದ. ಮಾರನೆಯ ಬೆಳಿಗ್ಗೆ ಪರದೆಯ ಮೇಲೆ ಎರಡೇ ಸಾಲು: ಅಂಥ ಪಾರ್ಟಿಶನ್ ಇಲ್ಲ, ಕೆಳಗೆ ಗ್ರಬ್ ರೆಸ್ಕ್ಯೂ ಎಂದು ಮಿನುಗುವ ಗುರುತು. ಅಜ್ಜ ಜಗಲಿಯಲ್ಲೇ ಇದ್ದಾರೆ, ಅವರ ಪುಸ್ತಕ, ಚಾಳೀಸು ಎಲ್ಲ ಕೆಡವಿದ ಕೋಣೆಯಲ್ಲಿದ್ದವು. ಪಾಲು ಅಳಿಯದೆ ಸಂಖ್ಯೆ ಮಾತ್ರ ಬದಲಾಗಿದ್ದರೆ ಅಲ್ಲೇ ಎಲ್ಎಸ್ ಎಂದು ಬರೆದು ಪಾಲುಗಳನ್ನು ಒಂದೊಂದಾಗಿ ಇಣುಕಿ, ಗ್ರಬ್‌ನ ಕಡತಗಳಿರುವ ಪಾಲನ್ನು ತೋರಿಸಿ, ನಾರ್ಮಲ್ ಎಂಬ ಘಟಕವನ್ನು ಕರೆದರೆ ಮೆನು ವಾಪಸು ಬರುತ್ತದೆ. ಈ ಹುಡುಗನಿಗೆ ಆ ಭಾಗ್ಯವೂ ಇರಲಿಲ್ಲ. ವಿಂಡೋಸಿನ ಡಿಸ್ಕು ಹಾಕಿ ಮೊದಲ ಸೆಕ್ಟರನ್ನು ಅದಕ್ಕೇ ಬರೆದುಕೊಟ್ಟರು. ಅವನ ಅಮ್ಮನಿಗೆ ಆದದ್ದು ಸಂತೋಷವೇ. ಕಂಪ್ಯೂಟರು ಪ್ರಶ್ನೆ ಕೇಳುವುದು ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ.

ಹೊಸ ಯಂತ್ರಗಳಲ್ಲಿ ಈ 446ರ ಇಕ್ಕಟ್ಟು ಇಲ್ಲ. ಇಂಟೆಲ್ ಆರಂಭಿಸಿ, 2005ರಿಂದ ಹಲವು ಕಂಪನಿಗಳ ಕೂಟ ನೋಡಿಕೊಳ್ಳುತ್ತಿರುವ ಯುಇಎಫ್ಐ ಎಂಬ ಏರ್ಪಾಡಿನಲ್ಲಿ ಜಗಲಿಗೇ ಒಂದು ಪ್ರತ್ಯೇಕ ಪಾಲು ಕೊಟ್ಟಿದ್ದಾರೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರು, ಒಬ್ಬರ ಚಾಪೆಯ ಮೇಲೆ ಇನ್ನೊಬ್ಬರು ಕೂರುವ ಪ್ರಮೇಯ ಇಲ್ಲ. ಪಾಲುಗಳೂ 128ರವರೆಗೆ ಆಗಬಹುದು, ಕೌರವರಿಗೂ ಹಂಚಿ ಉಳಿಯುವಷ್ಟು. ಆದರೆ ಯಾರು ಮೊದಲು ಎಂಬ ಪಟ್ಟಿ ಯಂತ್ರದ ಸ್ಮೃತಿಯಲ್ಲಿರುತ್ತದೆ, ಅದನ್ನು ನೋಡಲು ಒತ್ತಬೇಕಾದ ಕೀಲಿ ಒಂದು ಕಂಪನಿಯದು ಎಫ್2, ಇನ್ನೊಂದರದು ಎಫ್12, ಮತ್ತೊಂದರದು ಡಿಲೀಟ್. ಸರಿಯಾದದ್ದು ನೆನಪಾಗುವ ಹೊತ್ತಿಗೆ ಅವಕಾಶ ಕಳೆದಿರುತ್ತದೆ.

2012ರಲ್ಲಿ ವಿಂಡೋಸು 8ರ ಜೊತೆ ಸೆಕ್ಯೂರ್ ಬೂಟ್ ಬಂತು. ನಂಬಿಕೆಯ ಸಹಿ ಇಲ್ಲದವರಿಗೆ ಬಾಗಿಲು ತೆರೆಯುವುದಿಲ್ಲ ಎಂಬ ನಿಯಮ. ಸಹಿ ಹಾಕುವವರು ಮೈಕ್ರೋಸಾಫ್ಟಿನವರು. ಲಿನಕ್ಸಿನವರು ಏನು ಮಾಡಬೇಕು? ಮ್ಯಾಥ್ಯೂ ಗ್ಯಾರೆಟ್ ಮೊದಲಾದವರು ಶಿಮ್ ಎಂಬ ಕಿರು ತಂತ್ರಾಂಶ ಬರೆದು, ಅದಕ್ಕೆ ಅಲ್ಲಿಂದಲೇ ಸಹಿ ಹಾಕಿಸಿಕೊಂಡು, ಅದರ ಹಿಂದೆ ಗ್ರಬ್ ಒಳಬರುವಂತೆ ಮಾಡಿದರು. ದಾಯಾದಿಯ ಶಿಫಾರಸು ಪತ್ರ ಹಿಡಿದು ಸ್ವಂತ ಪಾಲಿಗೆ ಹೋಗುವ ಈ ವ್ಯವಸ್ಥೆ ಹೆಚ್ಚೂಕಮ್ಮಿ ಸರಾಗವಾಗಿ ನಡೆದುಬಂದಿದೆ. 2024ರ ಆಗಸ್ಟಿನಲ್ಲಿ ಮಾತ್ರ ಹಳೆಯ, ಅಸುರಕ್ಷಿತ ಬೂಟ್ ಲೋಡರುಗಳನ್ನು ತಡೆಯಲೆಂದು ಬಂದ ವಿಂಡೋಸ್ ಅಪ್‌ಡೇಟೊಂದು ಎರಡು ಸಂಸಾರದ ಕೆಲವು ಮನೆಗಳನ್ನು ಗುರುತಿಸದೇ ಹೋಗಿ, ಲಿನಕ್ಸು ಏಳಲಿಲ್ಲ. ಪರದೆಯ ಮೇಲೆ ಬಂದ ಸಂದೇಶದ ತಾತ್ಪರ್ಯ, ಏನೋ ತೀರಾ ಎಡವಟ್ಟಾಗಿದೆ ಎಂದು. ಯಂತ್ರಗಳು ಸಾಮಾನ್ಯವಾಗಿ ಇಷ್ಟು ಮನುಷ್ಯರಂತೆ ಮಾತಾಡುವುದಿಲ್ಲ. ಸಂಕೇತ ಸಂಖ್ಯೆ ಕೊಟ್ಟು ಸುಮ್ಮನಾಗುತ್ತವೆ.

ಇಷ್ಟೆಲ್ಲ ಕೇಳಿದ ಮೇಲೂ ಭಾವ ಮೊನ್ನೆ ತಮ್ಮದೇ ಹೊಸ ಲ್ಯಾಪ್‌ಟಾಪು ತಂದು ನನ್ನ ಮುಂದಿಟ್ಟರು. ವಿಂಡೋಸ್ ಇಲ್ಲದ್ದು, ಅದಕ್ಕೇ ಅಗ್ಗ. ಒಳಗೆ ಫ್ರೀಡಾಸ್ ಇದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

"ವಿಂಡೋಸ್ ಹಾಕು. ನಿನ್ನ ಲಿನಕ್ಸೂ ಇರಲಿ, ಒಂದು ಮೂಲೆಯಲ್ಲಿ. ಇದ್ದ ಡಾಸ್ ತೆಗೀಬೇಡ."

"ಡಾಸ್ ಯಾಕೆ ಭಾವ? ಅದು ಬಿಟ್ಟಿಯದು, ನೀವು ಬಳಸೋದಿಲ್ಲ."

"ಬಿಟ್ಟಿ ಬಂದದ್ದನ್ನ ಎಸೆಯೋದುಂಟ? ಇರಲಿ."

"ಮೆನುವಿನಲ್ಲಿ ಮೇಲೆ ಯಾವುದು ಬರಬೇಕು?"

"ಟ್ಯಾಲಿ."

ಟ್ಯಾಲಿ ಆಪರೇಟಿಂಗ್ ಸಿಸ್ಟಮ್ ಅಲ್ಲ ಎಂದು ವಿವರಿಸಲು ಹೋದೆ. ತಮಗೆ ಅದೇ ಸಿಸ್ಟಮ್ ಎಂದರು. ಗ್ರಬ್ ಮೆನುವಿನ ಸಾಲಿಗೆ ನಮಗೆ ಬೇಕಾದ ಹೆಸರು ಇಡಬಹುದಾದ್ದರಿಂದ ವಿಂಡೋಸನ್ನು ಎಬ್ಬಿಸುವ ಸಾಲಿಗೆ ಟ್ಯಾಲಿ ಎಂದೇ ಬರೆದು ಮೇಲಕ್ಕೆ ತಂದೆ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ಮಾತಾಡಲಿಲ್ಲ. ಉಳಿದದ್ದು ಗಡುವು. ಹತ್ತು ಸೆಕೆಂಡು ಸಾಕಲ್ಲ ಎಂದೆ.

"ಮೂವತ್ತು ಇಡು. ಕನ್ನಡಕ ಹುಡುಕಬೇಕು."

"ಕನ್ನಡಕ ಹಾಕಿಕೊಂಡೇ ಗುಂಡಿ ಒತ್ತಬಹುದಲ್ಲ ಭಾವ?"

"ಗುಂಡಿ ಹಾಗೇ ಕಾಣ್ತದೆ ಮಾರಾಯ. ಕಾಣದ್ದು ಅಕ್ಷರ."